ಅರಿಷಿಣದ ಪಟ್ಟಿ ಮತ್ತು ಕಡಲೆ ಹುಳಿ

ನನ್ನ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಇರುತ್ತದೆಯೋ ಇಲ್ಲವೋ ಹೇಳಲಾರೆ; ಅದು ಹೆಚ್ಚಾಗಿ ನನ್ನ ನೆತ್ತಿಯ ಮೇಲೇ ಕೂತಿರುತ್ತದೆ, ನಾನು ಮನೆಯೆಲ್ಲ ಹುಡುಕುತ್ತಿರುತ್ತೇನೆ. ಆದರೆ ಆ ಡಬ್ಬಿಯಲ್ಲಿ ಹಳದಿ ಕಾಗದದ ನಾಲ್ಕಾರು ಪಟ್ಟಿಗಳಂತೂ ಇದ್ದೇ ಇರುತ್ತವೆ. ಅರಿಷಿಣದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಬೆರಳಗಲಕ್ಕೆ ಕತ್ತರಿಸಿಟ್ಟ ಪಟ್ಟಿಗಳು. ಹೊಸ ಸಾಬೂನು ಮನೆಗೆ ಬಂದರೆ ಅದರ ನೊರೆಗೆ ಒಂದು ಪಟ್ಟಿ, ಬೋರಿನ ನೀರಿಗೆ ಒಂದು, ಹಲ್ಲುಜ್ಜುವ ಪೇಸ್ಟಿಗೆ ಒಂದು. ಪಕ್ಕದ ಮನೆಯಾಕೆ ಅಕ್ಕರೆಯಿಂದ ತಾನೇ ಮಾಡಿದ ಮುಖದ ಲೇಪವನ್ನು ತಂದುಕೊಟ್ಟಾಗ ಅವಳ ಎದುರಿಗೇ ಪಟ್ಟಿ ತೆಗೆದು ಹಚ್ಚಿ ನೋಡಿದೆ. ಅವಳು ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಮೊಮ್ಮಕ್ಕಳು ನನ್ನ ಅಡಿಗೆ ಮನೆಗೆ ಅಜ್ಜಿಯ ಪೊಲೀಸ್ ಠಾಣೆ ಎಂದು ಹೆಸರಿಟ್ಟಿದ್ದಾರೆ.

ಈ ಪಟ್ಟಿಯ ಕಥೆ ನಿಮಗೂ ಗೊತ್ತಿರಬಹುದು. ಕೆಂಪಾದರೆ ಕ್ಷಾರ. ಆಮೇಲೆ ಅದೇ ಕೆಂಪು ಪಟ್ಟಿಯನ್ನು ನಿಂಬೆ ರಸಕ್ಕೋ ಹುಣಸೆ ಹುಳಿಗೋ ಹಿಡಿದರೆ ಮತ್ತೆ ಹಳದಿ; ಅದು ಆಮ್ಲದ ಗುರುತು. ಹೈಸ್ಕೂಲಿನಲ್ಲಿ ಇದನ್ನೇ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಆದರೆ ಮನೆಯಲ್ಲಿ ನಾನು ಮಾಡುವುದು ಅರ್ಧ ಪರೀಕ್ಷೆ, ಪಟ್ಟಿ ಕೆಂಪಾಗುವವರೆಗೆ ಮಾತ್ರ. ಕೆಂಪಾದ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಡುತ್ತೇನೆ. ಉಳಿದರ್ಧ ಯಾಕೆ ಮಾಡುವುದಿಲ್ಲ ಎಂದು ಮೊಮ್ಮಗಳು ಕೇಳಿದಾಗ, "ಸುಮ್ಮನ ನಿಂಬಿಹಣ್ಣು ದಂಡ ಆಗತೈತಿ" ಎಂದು ಹೇಳಿ ತಪ್ಪಿಸಿಕೊಂಡೆ. ಅದು ಸುಳ್ಳು. ನಿಜವಾದ ಕಾರಣ ಹೇಳಬೇಕೆಂದರೆ ನಿಮ್ಮನ್ನು ಅರವತ್ತರ ದಶಕದ ಆರಂಭಕ್ಕೆ, ಇಬ್ರಾಹಿಂಪುರ ಓಣಿಯ ನಮ್ಮ ಮಣ್ಣಿನ ಮಾಳಿಗೆಯ ಮನೆಗೆ ಕರೆದುಕೊಂಡು ಹೋಗಬೇಕು.

ಆಗ ಊರನ್ನು ವಿಜಾಪುರ ಎನ್ನುತ್ತಿದ್ದೆವು. ಅಪ್ಪ ರೈಲಿನ ಹಳಿ ಬದಲಿಸುವ ಕೆಲಸದಲ್ಲಿದ್ದ. ಮನೆ ಹಳಿಗೆ ಎಷ್ಟು ಹತ್ತಿರವಿತ್ತೆಂದರೆ ಸೊಲ್ಲಾಪುರದ ಗಾಡಿ ಹೋಗುವಾಗ ಮಾಳಿಗೆಯಿಂದ ಚಿಟಿಕೆ ಮಣ್ಣು ಉದುರಿ ನೇರ ರೊಟ್ಟಿಯ ಮೇಲೆ ಬೀಳುತ್ತಿತ್ತು. ಗಾಡಿಯ ಸದ್ದು ಕೇಳಿದ ಕೂಡಲೇ ನಾವೆಲ್ಲರೂ ಮಾತಿಲ್ಲದೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದೆವು. ಈಗಲೂ ನನಗೆ ಊಟ ಮಾಡುವಾಗ ಜೋರು ಸದ್ದಾದರೆ ಕೈ ತಾನಾಗಿ ತಾಟಿನ ಮೇಲೆ ಹೋಗುತ್ತದೆ. ಬೆಂಕಿಪೊಟ್ಟಣದಂಥ ಆ ಮನೆಯಲ್ಲಿ ಐದು ಜನ: ಅಪ್ಪ, ಅವ್ವ, ನಾವು ಆಯಿ ಎನ್ನುತ್ತಿದ್ದ ಅಪ್ಪನ ತಾಯಿ, ನಾನು, ಮತ್ತು ಅಪ್ಪನ ತಂಗಿ ನೀಲತ್ತಿ.

ನೀಲತ್ತಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಗಂಡ ಜ್ವರ ಬಂದು ತೀರಿಕೊಂಡ. ಹದಿನೆಂಟು ತುಂಬುವುದರೊಳಗೆ ಹಣೆಯ ಕುಂಕುಮ ಅಳಿಸಿಕೊಂಡು ಅಣ್ಣನ ಮನೆಗೆ ವಾಪಸು ಬಂದವಳು ಮುಂದೆ ಹತ್ತು ವರ್ಷ ನಮ್ಮೆಲ್ಲರ ಅರಿವಿ ಒಗೆದಳು, ರೊಟ್ಟಿ ಬಡಿದಳು, ನನ್ನ ತಲೆ ಬಾಚಿದಳು. ನಾನು ಓದಿ ಬಿಟ್ಟ ಪುಸ್ತಕಗಳನ್ನು ಒಂದೊಂದಾಗಿ ಹೊಲಿದು, ರಟ್ಟು ಹಾಕಿ, ತಾನು ಓದುತ್ತಿದ್ದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಹೊರಗಿನಿಂದ ಕೂತು ಪಾಸಾದರೆ ಟ್ರೇನಿಂಗಿಗೆ ಹೋಗಬಹುದು, ಸಾಲಿಯ ಬಾಯೋರು, ಅಂದರೆ ಶಾಲೆಯ ಶಿಕ್ಷಕಿ, ಆಗಬಹುದು. ಅವಳ ಆಸೆ ಅಷ್ಟೇ. ಆದರೆ ಅದಕ್ಕೆ ಬಬಲೇಶ್ವರದ ಅವಳ ಅತ್ತೆ ಸಿದ್ದವ್ವ ಒಪ್ಪಬೇಕಾಗಿತ್ತು. ಮಗ ಹೋದರೂ ಸೊಸೆ ತಮ್ಮ ಮನೆಯವಳೇ ಎನ್ನುವ ಹೆಂಗಸು ಆಕೆ. ಅಪ್ಪ ಮೂರು ಸಲ ಬಬಲೇಶ್ವರಕ್ಕೆ ಹೋಗಿ, ಮೂರನೆಯ ಸಲ ಅವಳ ಕಾಲನ್ನೂ ಮುಟ್ಟಿ, ಹೂಂ ಅನ್ನಿಸಿಕೊಂಡು ಬಂದಿದ್ದ. "ಓದ್ಲಿ. ಆದ್ರ ಒಂದು ಮಾತು ಕಿವಿಗೆ ಬೀಳಬಾರದು. ಬಿತ್ತಂದ್ರ ಅವತ್ತಾ ಬಂದು ಕರ್ಕೊಂಡು ಹೋಗ್ತೀನಿ" ಎಂದು ಅವಳು ಹೇಳಿದ್ದಳಂತೆ.

ನಾನು ಆಗ ಎಂಟನೆಯ ಇಯತ್ತೆ. ನಮ್ಮ ವಿಜ್ಞಾನದ ಬಾಯೋರ ಹತ್ತಿರ ಲಿಟ್ಮಸ್ ಕಾಗದದ ಒಂದೇ ಒಂದು ಪುಟ್ಟ ಪುಸ್ತಕ ಇತ್ತು. ಅದನ್ನು ಅವರು ಬಂಗಾರದಂತೆ ಕೀಲಿ ಹಾಕಿ ಇಡುತ್ತಿದ್ದರು. ಒಂದು ಹಾಳೆಯನ್ನು ಉಗುರಿನಷ್ಟು ತುಂಡು ಮಾಡಿ, ಒಂದು ಬೆಂಚಿಗೆ ಒಂದು ತುಂಡು. ನಮ್ಮ ಬೆಂಚಿನ ತುಂಡನ್ನು ಯಾರು ಅದ್ದಬೇಕೆಂದು ಜಗಳವಾಡುವಾಗ ನನಗೆ ಸೀನು ಬಂದು ಅದು ಹಾರಿಹೋಯಿತು. ಬಾಯೋರು ಬೈಯಲಿಲ್ಲ.

"ಮನ್ಯಾಗ ಅರಿಷಿಣ ಇಲ್ಲದವರು ಕೈ ಎತ್ರಿ. ಯಾರೂ ಇಲ್ಲಲ್ಲಾ? ಹಂಗಾರ ನಿಮ್ಮ ಅಡಗೀಮನೀನಾ ನಿಮ್ಮ ಪ್ರಯೋಗಶಾಲೆ" ಎಂದು ಹೇಳಿ, ಅರಿಷಿಣದ ಪಟ್ಟಿ ಮಾಡುವುದನ್ನು ಕಲಿಸಿ, ಮನೆಯ ಹತ್ತು ವಸ್ತುಗಳನ್ನು ಪರೀಕ್ಷಿಸಿ ಬರೆದುಕೊಂಡು ಬರಲು ಹೇಳಿದರು.

ಹತ್ತಕ್ಕೆ ನಿಲ್ಲುವ ಸ್ವಭಾವ ನನ್ನದಲ್ಲ. ಆ ವಾರ ನಮ್ಮ ಮನೆಯಲ್ಲಿ ನಾನು ಮುಟ್ಟದ ಡಬ್ಬಿ ಉಳಿಯಲಿಲ್ಲ. ಆಯಿ ಎಲೆಯಡಿಕೆಗೆ ಹಚ್ಚುವ ಸುಣ್ಣ ಕೆಂಪು. ಹಪ್ಪಳಕ್ಕೆ ಹಾಕುವ ಪಾಪಡಖಾರ ಕೆಂಪು. ಒಲೆಯ ಬೂದಿ ಕೆಂಪು. ಅರಿವಿ ಒಗೆಯಲು ಟಿಕೋಟದಿಂದ ತರುವ ಚೌಳು ಮಣ್ಣನ್ನು ನೀರಿನಲ್ಲಿ ಕಲಸಿ ತಿಳಿ ತೆಗೆದರೆ ಅದೂ ಕೆಂಪು. ಸೀಗೆಕಾಯಿಯನ್ನು ಪರೀಕ್ಷೆ ಮಾಡದೆಯೇ ಕ್ಷಾರ ಎಂದು ಬರೆದೆ. ತೊಳೆಯುವುದೆಲ್ಲ ಕ್ಷಾರವೇ ಅಲ್ಲವೇ ಎಂಬ ಜಾಣತನ. ಬಾಯೋರು ಎಲ್ಲರ ಮುಂದೆ ಅದನ್ನು ಅರೆದು ತರಿಸಿ ನೋಡಿಸಿದರು. ಅದು ಆಮ್ಲ. ನೋಡದೆ ಬರೆದವಳೆಂದು ನನ್ನನ್ನು ಒಂದು ತಾಸು ನಿಲ್ಲಿಸಿದ್ದೂ ಆಯಿತು.

ಆಯಿಯ ವಿಭೂತಿಯನ್ನೂ ನಾನು ಬಿಟ್ಟಿರಲಿಲ್ಲ. ಒದ್ದೆ ಮಾಡಿ ಪಟ್ಟಿ ಹಚ್ಚಿದರೆ ನಸುಗೆಂಪು ಬಂತು. ಹಿಂದಿನಿಂದ ನೋಡಿದ ಆಯಿ ಕೈಯಲ್ಲಿದ್ದ ಬೀಸಣಿಗೆಯಿಂದ ಬೆನ್ನಿಗೆ ಒಂದು ಕೊಟ್ಟಳು.

"ವಿಭೂತಿಗೆ ಪರೀಕ್ಷಾ ಮಾಡ್ತೀಯೇನ? ನಾಳೆ ಜಗಲಿ ಮ್ಯಾಲಿನ ದೇವರಿಗೂ ಪಟ್ಟಿ ಹಚ್ಚಾಕಿ ನೀ!"

ಬಚ್ಚಲಲ್ಲಿ ಅರಿವಿ ತಿಕ್ಕುತ್ತಿದ್ದ ನೀಲತ್ತಿ ನಗುತ್ತ ಒದ್ದೆ ಕೈ ಚಾಚಿದಳು. "ಸುಶೀ, ನನಗೂ ಒಂದು ಹಚ್ಚಿ ನೋಡಲಾ. ನಾ ಆಮ್ಲೋ, ಕ್ಷಾರೋ?"

ಅವಳ ಕೈತುಂಬ ಅರಿವಿ ಸೋಡಾ. ಪಟ್ಟಿ ಕೂಡಲೇ ಕೆಂಪಾಯಿತು. ನಾನು ಗಂಭೀರವಾಗಿ ವಹಿಯಲ್ಲಿ ಬರೆದೆ: ನೀಲತ್ತಿ, ಕ್ಷಾರ. ಬಾಯೋರು ಅದರ ಕೆಳಗೆ ಗೆರೆ ಎಳೆದು, ನಕ್ಕು, ಏನೂ ಬರೆಯದೆ ಬಿಟ್ಟರು.

ಆಮ್ಲಗಳಲ್ಲಿ ನನ್ನ ಹೆಮ್ಮೆಯ ವಸ್ತು ಕಡಲೆ ಹುಳಿ. ಎರೆ ನೆಲದವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಎರಡು ಮಾತು. ಚಳಿಗಾಲದಲ್ಲಿ ಕಡಲೆ ಗಿಡದ ಎಲೆಗಳ ಮೇಲೆ ಹುಳಿ ಕೂಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ತೆಳ್ಳನೆಯ ಬಿಳಿ ಅರಿವೆಯನ್ನು ಸಾಲಿನ ಮೇಲೆ ಎಳೆದುಕೊಂಡು ಹೋದರೆ ಇಬ್ಬನಿಯ ಜೊತೆ ಆ ಹುಳಿಯನ್ನೂ ಅರಿವೆ ಹೀರಿಕೊಳ್ಳುತ್ತದೆ. ಅದನ್ನು ಗಾಜಿನ ಪಾತ್ರೆಗೆ ಹಿಂಡಿ ಶೀಸೆಯಲ್ಲಿ ತುಂಬಿಡುತ್ತಾರೆ. ಹೊಟ್ಟೆನೋವಿಗೆ ಒಂದು ಚಮಚ ನೀರಲ್ಲಿ ಹಾಕಿ ಕುಡಿದರೆ ಹಲ್ಲು ಜುಮ್ಮೆಂದರೂ ನೋವು ನಿಲ್ಲುತ್ತದೆ. ಟಿಕೋಟದಲ್ಲಿ ಆಯಿಯ ತವರಿನವರ ಹೊಲವಿತ್ತು. ವರ್ಷಕ್ಕೊಮ್ಮೆ ನೀಲತ್ತಿ ಅಲ್ಲಿಗೆ ಹೋಗಿ ಹುಳಿ ಹಿಂಡಿಕೊಂಡು ಬರುತ್ತಿದ್ದಳು, ನಾನು ಬೆನ್ನು ಹತ್ತುತ್ತಿದ್ದೆ. ಮೊಣಕಾಲಿನವರೆಗೂ ಚುರುಗುಟ್ಟುತ್ತಿತ್ತು, ತುಟಿ ಒಡೆಯುತ್ತಿತ್ತು. ನೀಲತ್ತಿ ಮಾತ್ರ ಅಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು, ಗಟ್ಟಿಯಾಗಿ ನಗುತ್ತಿದ್ದಳು. ಮನೆಯಲ್ಲಿ ಅವಳ ಆ ದನಿ ಕೇಳಿದ ನೆನಪಿಲ್ಲ.

ಮುಲ್ಕಿ ಪರೀಕ್ಷೆಗೆ ಇನ್ನು ತಿಂಗಳು ಇರುವಾಗ ಒಂದು ಸಂಜೆ ನೀಲತ್ತಿ ಒಣಗಿದ ಅರಿವಿಯ ಗಂಟು ಹೊತ್ತು ಒಳಗೆ ಬರುತ್ತ ನಮ್ಮ ಗಿಡ್ಡ ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು. ಸರಿಯಾಗಿ ಎರಡು ಹುಬ್ಬುಗಳ ನಡುವೆ ಕಡಲೆ ಕಾಳಿನಷ್ಟು ಗಾಯ. ಆಯಿ ಓಡಿ ಬಂದು ಚಿಟಿಕೆ ಅರಿಷಿಣ ಒತ್ತಿದಳು. ನಮ್ಮಲ್ಲಿ ಎಲ್ಲ ಗಾಯಕ್ಕೂ ಅದೇ ಔಷಧ, ಅದರ ಬಗ್ಗೆ ಮತ್ತೆ ಯಾರೂ ಯೋಚಿಸಲಿಲ್ಲ.

ಮರುದಿನ ನಾನು ಸಾಲಿ ಬಿಟ್ಟು ಬಂದಾಗ ಮನೆಯ ಮುಂದೆ ಹೊಸ ಚಪ್ಪಲಿ ಕಂಡವು. ಒಳಗೆ ಬಬಲೇಶ್ವರದ ಸಿದ್ದವ್ವ ಕೂತಿದ್ದಳು. ಸ್ಟೇಷನ್ ರಸ್ತೆಯಲ್ಲಿ ಏನೋ ಸಂತಿ ಮಾಡಲು ಬಂದವಳು ಹಾಗೇ ಸೊಸೆಯನ್ನು ನೋಡಿಹೋಗಲು ಬಂದಿದ್ದಳು. ಅವಳ ಮುಂದಿಟ್ಟ ತಂಬಿಗೆಯ ನೀರು ಇಟ್ಟಲ್ಲೇ ಇತ್ತು. ಬಂದವರು ನೀರು ಮುಟ್ಟಿಲ್ಲವೆಂದರೆ ಏನೋ ಕೆಟ್ಟಿದೆ ಎಂದು ತಿಳಿಯುವಷ್ಟು ನಾನು ದೊಡ್ಡವಳಾಗಿದ್ದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನೀಲತ್ತಿ ಗೋಡೆಗೆ ಆನಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅವಳ ಹಣೆಯ ಮಧ್ಯದಲ್ಲಿ ದುಂಡಗೆ, ಕೆಂಪಗೆ ಒಂದು ಬೊಟ್ಟು ಇತ್ತು.

"ನಮ್ಮ ಮಗ ಮಣ್ಣಾಗಿ ಹತ್ತು ವರ್ಷಾತು" ಎನ್ನುತ್ತಿದ್ದಳು ಸಿದ್ದವ್ವ. "ಇವತ್ತು ಇಕಿ ಹಣಿ ಮ್ಯಾಲೆ ಕೆಂಪ ಬಂದೈತಿ. ಸಾಲಿ ಅಂತ, ಪರೀಕ್ಷಾ ಅಂತ ಬಿಟ್ಟಿದ್ದಕ್ಕ ಇದಾ ಏನು? ನಾಳೆ ಮುಂಜಾನಿ ಬಸ್ಸಿಗೆ ನನ್ನ ಜೋಡಿ ಬರಲಿ. ಪುಸ್ತಕ ಇಲ್ಲೇ ಇರಲಿ."

"ಯವ್ವಾ, ಅದು ಅರಿಷಿಣ ಐತಿ" ಎಂದಳು ಆಯಿ. "ನಿನ್ನೆ ಬಾಗಲಾ ಬಡದಿತ್ತು. ನಾನಾ ನನ್ನ ಕೈಯಾರೆ ಒತ್ತೀನಿ."

"ಅರಿಷಿಣ ಹಳದಿ ಇರತೈತೋ ಕೆಂಪ ಇರತೈತೋ? ನನಗೇನು ಕಣ್ಣು ಕಾಣೂದಿಲ್ಲಂತ ತಿಳದೀರೇನು?"

ಆಯಿ ಬಗ್ಗಿ ಮಗಳ ಹಣೆಯನ್ನು ನೋಡಿದಳು. ಅವಳೂ ಆ ಕೆಂಪನ್ನು ಅಷ್ಟು ಹೊತ್ತು ನೋಡಿರಲಿಲ್ಲವೆಂದು ಕಾಣುತ್ತದೆ. ನೀಲತ್ತಿ ಏನಾದರೂ ಹೇಳಲಿ ಎಂದು ಎಲ್ಲರೂ ಅವಳ ಕಡೆ ನೋಡಿದರು. ಅವಳು ತುಟಿ ಬಿಚ್ಚಲಿಲ್ಲ.

ಹಿತ್ತಿಲಲ್ಲಿ ಹಗ್ಗದ ತುಂಬ ಒಗೆದ ಅರಿವಿ ಹಾರಾಡುತ್ತಿತ್ತು. ನನಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಬೆಳಿಗ್ಗೆ ಸೋಡಾ ಹಾಕಿ ಒಗೆಯುತ್ತ ಒದ್ದೆ ಕೈಯಿಂದ ಹಣೆಯ ಬೆವರು ಒರೆಸಿಕೊಂಡಿದ್ದಾಳೆ! ನಾನು ಪಾಟಿಚೀಲವನ್ನು ಅಲ್ಲಿಯೇ ಎಸೆದೆ.

"ಅದು ಕುಂಕಮ ಅಲ್ರಿ! ಅರಿಷಿಣಕ್ಕ ಸೋಡಾ ತಾಗೇತಿ. ಕ್ಷಾರ ತಾಗಿದ್ರ ಅರಿಷಿಣ ಕೆಂಪ ಆಗತೈತಿ. ಹುಳಿ ಹಚ್ಚಿದ್ರ ಮತ್ತ ಹಳದಿ ಆಗತೈತಿ. ನೋಡ್ತೀರೇನು?"

ಯಾರ ಉತ್ತರಕ್ಕೂ ಕಾಯದೆ ಗೋಡೆಯ ಮಾಡದಲ್ಲಿಟ್ಟಿದ್ದ ಕಡಲೆ ಹುಳಿಯ ಶೀಸೆ ತಂದೆ, ಹತ್ತಿಯ ಉಂಡೆಗೆ ಸುರಿದೆ, ನೀಲತ್ತಿಯ ಗದ್ದ ಹಿಡಿದು ಮುಖ ಎತ್ತಿದೆ. ಬಾಯೋರು ಪಾಠ ಮಾಡುವಾಗ ಹೇಗೆ ನಿಲ್ಲುತ್ತಾರೋ ಹಾಗೆ ನಿಂತು, ಎಲ್ಲರಿಗೂ ಕಾಣುವಂತೆ ಒರೆಸತೊಡಗಿದೆ. ಕೆಂಪು ಕಂದಾಯಿತು, ಕಂದು ಹಳದಿಯಾಯಿತು.

"ಉರೀತೈತಿ, ಸುಶೀ" ಎಂದಳು ನೀಲತ್ತಿ, ನನಗೊಬ್ಬಳಿಗೇ ಕೇಳುವಂತೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ತಡಿ ಅತ್ತಿ, ಮುಗೀತು" ಎಂದೆ. ಹಸಿ ಗಾಯಕ್ಕೆ ಹುಳಿ ತಾಗಿದರೆ ಉರಿಯದೆ ಇರುತ್ತದೆಯೇ?

ಸಿದ್ದವ್ವ ಹತ್ತಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು, ಮೂಸಿದಳು, ತಿರುಗಿಸಿ ನೋಡಿದಳು. ಅದು ಬರೀ ಹಳದಿ. "ಕುಂಕಮ ಆಗಿದ್ರ ಕೆಂಪ ಹತ್ತತಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಓದ್ಲಿ ಬಿಡ್ರಿ" ಎಂದು ಎದ್ದವಳು ಹೋಗುವ ಮುಂಚೆ ದೇವರ ಜಗಲಿಯಿಂದ ವಿಭೂತಿ ತೆಗೆದುಕೊಂಡು ತನ್ನ ಕೈಯಿಂದಲೇ ಸೊಸೆಯ ಹಣೆಗೆ ಅಡ್ಡಲಾಗಿ ಎಳೆದಳು. ಅದು ಅವಳು ತೋರಿಸಿದ ಪ್ರೀತಿ. ನನಗೆ ಮಾತ್ರ ನನ್ನ ವಹಿ ನೆನಪಾಯಿತು. ವಿಭೂತಿಯೂ ಪಟ್ಟಿಯನ್ನು ಕೆಂಪು ಮಾಡಿತ್ತಲ್ಲ! ನಾನು ಹುಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿದಿದ್ದೆನೆಂದೋ ಏನೋ, ಹಣೆ ಹಳದಿಯಾಗಿಯೇ ಉಳಿಯಿತು. ಸಿದ್ದವ್ವ ಚಪ್ಪಲಿ ಮೆಟ್ಟಿ ಹೋಗುವವರೆಗೂ ನಾನು ಆ ಹಣೆಯಿಂದ ಕಣ್ಣು ತೆಗೆಯಲಿಲ್ಲ.

ಅಂದು ನನಗಾಗಿ ಅವ್ವ ಸಜ್ಜಕ ಮಾಡಿದಳು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಸಾಲಿ ಕಲತಿದ್ದು ಇವತ್ತು ಉಪಯೋಗಾತು ನೋಡವಾ" ಎಂದ. ನೀಲತ್ತಿ ನನಗೆ ಎರಡು ಸಲ ತುಪ್ಪ ಬಡಿಸಿದಳು. ನಾನು ಎಷ್ಟು ಉಬ್ಬಿದೆನೆಂದರೆ ಮರುದಿನ ಪ್ರಾರ್ಥನೆ ಮುಗಿಯುವುದರೊಳಗೆ ಇಡೀ ವರ್ಗಕ್ಕೆ ಕಥೆ ಗೊತ್ತಾಗಿತ್ತು. ಬಾಯೋರು ಕೇಳಿ ಹೊಗಳಿಯೇ ಬಿಡುತ್ತಾರೆಂದು ಮೊದಲ ಬೆಂಚಿಗೆ ಬಂದು ಕೂತೆ.

ಬಾಯೋರು ವರ್ಗ ಬಿಟ್ಟ ಮೇಲೆ ನನ್ನನ್ನು ಒಬ್ಬಳನ್ನೇ ಕರೆದರು.

"ನಿಮ್ಮ ಮನ್ಯಾಗ ಕುಂಕಮ ಹೆಂಗ ಮಾಡ್ತೀರಿ?"

"ಅರಿಷಿಣಕ್ಕ ಸುಣ್ಣದ ತಿಳಿ ಕಲಸಿ ಒಣಗಸ್ತಾಳ್ರಿ ನಮ್ಮವ್ವ."

"ಸುಣ್ಣ ಏನು? ಆಮ್ಲೋ ಕ್ಷಾರೋ?"

"ಕ್ಷಾರ್ರಿ" ಎಂದೆ. ಬಾಯೋರು ದನಿ ಇಳಿಸಿದರು. "ಖರೇ ಕುಂಕಮ ಆಗಿದ್ರೂ ನಿನ್ನ ಹುಳಿಗೆ ಹಳದೀನಾ ಆಗತಿತ್ತು, ತಂಗಿ. ನಿನ್ನ ಪರೀಕ್ಷಾದಿಂದ ಏನೂ ಸಿದ್ಧ ಆಗಿಲ್ಲ. ಮನೀಗೆ ಹೋಗಿ ಮಾಡಿ ನೋಡು. ಆದ್ರ ಯಾರಿಗೂ ಹೇಳಬ್ಯಾಡ." ವಿಜ್ಞಾನದ ಬಾಯೋರು ಒಂದು ಪ್ರಯೋಗದ ಫಲವನ್ನು ಮುಚ್ಚಿಡಲು ಹೇಳಿದ್ದು ಅದೊಂದೇ ಸಲ.

ಅವ್ವನ ಕುಂಕುಮದ ಭರಣಿಯಿಂದ ಚಿಟಿಕೆ ಕದ್ದು ಹಿತ್ತಿಲಲ್ಲಿ ಕೂತು ಹುಳಿ ಹನಿಸಿದೆ. ಕಣ್ಣೆದುರಿಗೇ ಹಳದಿಯಾಯಿತು. ಸಿದ್ದವ್ವನಿಗೆ ಇದು ತಿಳಿದರೆ? ಯಾರಾದರೂ ಬಬಲೇಶ್ವರದಲ್ಲಿ ಕುಂಕುಮದ ಮೇಲೆ ನಿಂಬೆಹಣ್ಣು ಹಿಂಡಿದರೆ? ಆ ತಿಂಗಳು ಪೂರ್ತಿ, ಮುಲ್ಕಿ ಪರೀಕ್ಷೆ ಮುಗಿಯುವವರೆಗೂ, ಬಬಲೇಶ್ವರದಲ್ಲಿ ನಿಂಬೆಹಣ್ಣು ಸಿಗದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ನಿಮಗೆ ನಗು ಬರಬಹುದು. ನನಗೆ ಆಗ ನಿದ್ದೆಯೇ ಬರುತ್ತಿರಲಿಲ್ಲ.

ನೀಲತ್ತಿ ಪಾಸಾದಳು. ಟ್ರೇನಿಂಗ್ ಮುಗಿಸಿ ಟಿಕೋಟದ ಹೆಣ್ಣುಮಕ್ಕಳ ಸಾಲಿಗೆ ಬಾಯೋರು ಆಗಿ ಹೋದಳು. ನಾನು ಕಾಲೇಜಿಗೆ ಸೇರಿ, ನಿಜವಾದ ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಲಿಟ್ಮಸ್ ಅದ್ದಿ, ದಶಕ ಮುಗಿಯುವ ಹೊತ್ತಿಗೆ ಪದವಿ ಮುಗಿಸಿದೆ. ನೆಂಟರು ಕೂಡಿದಾಗಲೆಲ್ಲ ಆಯಿ ಕಡಲೆ ಹುಳಿಯ ಕಥೆಯನ್ನು ನನ್ನಿಂದ ಹೇಳಿಸುತ್ತಿದ್ದಳು, ನಾನೂ ಕೈ ಆಡಿಸಿ ಹೇಳುತ್ತಿದ್ದೆ. ಬಾಯೋರು ಹೇಳಿದ ಗುಟ್ಟು ಮಾತ್ರ ಹೊಟ್ಟೆಯಲ್ಲಿ ಹಾಗೇ ಇತ್ತು.

ಪದವಿ ಮುಗಿದ ವರ್ಷದ ಚಳಿಗಾಲದಲ್ಲಿ ಟಿಕೋಟಕ್ಕೆ ಹೋದೆ. ನಸುಕಿನಲ್ಲಿ ನಾವಿಬ್ಬರೂ ಮೊದಲಿನಂತೆ ಕಡಲೆ ಹೊಲಕ್ಕೆ ನಡೆದೆವು. ನೀಲತ್ತಿಯ ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ ಬಂದಿದ್ದವು. ದಾರಿಯಲ್ಲಿ ನೀರಿಗೆ ಹೊರಟ ಹುಡುಗಿಯರು ಕೊಡ ಇಳಿಸಿ "ನಮಸ್ಕಾರ್ರಿ ಬಾಯೋರ" ಎನ್ನುತ್ತಿದ್ದರು, ಅವಳು ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಅರಿವೆಯ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಹಿಂಡುತ್ತಿರುವಾಗ ನನಗೆ ಇನ್ನು ತಡೆಯಲಾಗಲಿಲ್ಲ.

"ಅತ್ತಿ, ಅವತ್ತು ನಾ ಮಾಡಿದ ಪರೀಕ್ಷಾ ಖೊಟ್ಟಿ ಇತ್ತು. ಖರೇ ಕುಂಕಮ ಇದ್ದಿದ್ರೂ ಹಳದೀನಾ ಆಗತಿತ್ತು. ಅರಿಷಿಣಕ್ಕ ಸುಣ್ಣ ಬಿದ್ರೂ ಅದಾ, ಸೋಡಾ ಬಿದ್ರೂ ಅದಾ. ಸುದೈವಕ್ಕ ಯಾರಿಗೂ ತಿಳೀಲಿಲ್ಲ."

ನೀಲತ್ತಿ ಹಿಂಡುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನಕ್ಕಳು.

"ಅಂದ್ರ ಅದೂ ಕುಂಕಮಾನಾ. ನಮ್ಮತ್ತಿ ಕಂಡಿದ್ದು ಸುಳ್ಳಲ್ಲನ್ನು." ಆಮೇಲೆ ಕೇಳಿದಳು: "ಸುಶೀ, ಹತ್ತು ವರ್ಷ ನಿಮ್ಮೆಲ್ಲಾರ ಅರಿವಿ ಒಗದಾಕಿ ನಾನು. ಅರಿಷಿಣದ ಕಲೀಗೆ ಸೋಡಾ ತಾಗಿದ್ರ ಏನಾಗತೈತಿ ಅನ್ನೂದು ನನಗ ಗೊತ್ತಿದ್ದಿಲ್ಲಂತ ತಿಳದೀಯೇನು?"

"ಅಂದ್ರ, ಕೆಂಪ ಆಗೇತಿ ಅಂತ ನಿನಗ ಗೊತ್ತಿತ್ತಾ?"

"ಬಕೀಟಿನ ನೀರಾಗ ಕಂಡ್ತು. ಒಳಗ ಹೋಗಿ ಕನ್ನಡ್ಯಾಗೂ ನೋಡ್ಕೊಂಡೆ. ತೊಳಕೋಬೇಕಂತ ಬೊಗಸೀಗೆ ನೀರೂ ತಗೊಂಡೆ." ಅವಳು ಅರಿವೆಯನ್ನೇ ನೋಡುತ್ತಿದ್ದಳು. "ತೊಳೀಲಿಲ್ಲ. ಸಂಜೀಮಟ ಇರಲಿ, ಕತ್ತಲಾದ ಮ್ಯಾಲೆ ತೊಳಕೊಂಡ್ರಾತು ಅಂದೆ. ಮನ್ಯಾಗ ನೋಡಾವರು ಯಾರದಾರ?"

"ಹಂಗಾರ ಸಿದ್ದವ್ವ ಕೇಳಿದಾಗ ಸೋಡಾ ತಾಗೇತಿ ಅಂತ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗೊತ್ತಿದ್ದೂ ತೊಳೀಲಿಲ್ಲ ಅಂತ ಹೇಳ್ಲೇನು?"

ನಾಚಿಕೆಯೆನಿಸಿತು, ಅಳುವೂ ಬಂತು. ಸೀಗೆಕಾಯಿಯನ್ನು ನೋಡದೆ ಬರೆದದ್ದಕ್ಕೆ ಬಾಯೋರು ಒಂದು ತಾಸು ನಿಲ್ಲಿಸಿದ್ದರು. ಇದಕ್ಕೆ ಎಷ್ಟು ತಾಸು ನಿಲ್ಲಬೇಕೋ ನನಗೆ ತಿಳಿಯಲಿಲ್ಲ.

ನೀಲತ್ತಿ ನನ್ನ ಮುಖ ನೋಡಿ ತಾನೇ ಸಮಾಧಾನ ಮಾಡಿದಳು. "ಹುಚ್ಚಿ, ನೀ ಮಾಡಿದ್ದು ಛಲೋನಾ ಆತು. ಇಲ್ಲಂದ್ರ ನಾ ಇವತ್ತು ಬಬಲೇಶ್ವರದಾಗ ಒಲಿ ಮುಂದ ಕುಂತಿರತಿದ್ದೆ. ಈ ಹುಡುಗ್ಯಾರು ನನಗ ಬಾಯೋರು ಅಂತಿದ್ದಿಲ್ಲ." ಅರಿವೆಯನ್ನು ಮತ್ತೆ ಬಿಗಿಯಾಗಿ ತಿರುವಿದಳು. ಹುಳಿ ಶೀಸೆಗೆ ಹನಿಹನಿಯಾಗಿ ಇಳಿಯಿತು. "ಆದ್ರ ಅವತ್ತು ಭಾಳ ಉರೀತು, ಸುಶೀ."

ನೀಲತ್ತಿ ಈಗಿಲ್ಲ. ನಾನು ಪಟ್ಟಿ ಹಚ್ಚುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊನ್ನೆ ಮೊಮ್ಮಗಳು ಅಡಿಗೆ ಸೋಡಾದಲ್ಲಿ ಅದ್ದಿದ ಪಟ್ಟಿ ಕೆಂಪಾದಾಗ ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಹೋಳು ಹಿಡಿದುಕೊಂಡು ಬಂದಳು. ನಾನು ಹೋಳನ್ನು ಅವಳ ಕೈಯಿಂದ ತೆಗೆದುಕೊಂಡೆ. ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ, ಬೆಳಕು ಬೀಳುವಲ್ಲಿ ಇಟ್ಟೆ.

"ಸಂಜೀಮಟ ಇರಲಿ" ಎಂದೆ.